ಮನೆ ಹೊತ್ತು ಬರುವ ವ್ಯಾನು, ಹೊರೆ ಹೊರುವ ಬೆಟ್ಟ

ಸಂಪಾದಕೀಯ

ಮಲೆನಾಡಿನ ರಸ್ತೆಗಳಿಗೆ ವಾರಾಂತ್ಯದ ವಾಹನಗಳ ಸಾಲು ಹೊಸತೇನೂ ಅಲ್ಲ. ಶುಕ್ರವಾರ ರಾತ್ರಿ ಬೆಂಗಳೂರನ್ನು ಬಿಟ್ಟು ಶನಿವಾರದ ಬೆಳಕು ಹರಿಯುವ ಹೊತ್ತಿಗೆ ಘಟ್ಟದ ತಲೆಯನ್ನು ಸೇರುವ ಕಾರುಗಳನ್ನು ನಮ್ಮ ಹಳ್ಳಿಗಳು ಬಹುಕಾಲದಿಂದ ಕಾಣುತ್ತಲೇ ಬಂದಿವೆ. ಆದರೆ ಈಚಿನ ವರ್ಷಗಳಲ್ಲಿ ಈ ಸಾಲಿನೊಳಗೆ ಮತ್ತೊಂದು ಬಗೆಯ ವಾಹನ ಸೇರಿಕೊಂಡಿದೆ. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಕೆಲವೊಮ್ಮೆ ಶೌಚದ ಪೆಟ್ಟಿಗೆಯನ್ನೂ ಅಳವಡಿಸಿಕೊಂಡು ಸಂಸಾರವನ್ನೇ ಹೊತ್ತು ಬರುವ ವ್ಯಾನು ಅದು. ಕೊಳ್ಳುವವರು ಅದನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಸರಕಾರಿ ಕಾಗದಗಳಲ್ಲಿ ಅದರ ಹೆಸರು ಮೋಟಾರ್ ಕ್ಯಾರವಾನ್.

ಹೊಸ ಕ್ಯಾರವಾನಿನ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದ್ದಲ್ಲ. ಆದುದರಿಂದ ಬಹುಪಾಲು ಜನ ಹಳೆಯ ಓಮ್ನಿಯನ್ನೋ, ಈಕೊವನ್ನೋ, ಟೆಂಪೊ ಟ್ರಾವೆಲರನ್ನೋ ಸೆಕೆಂಡ್ ಹ್ಯಾಂಡ್ ಕೊಂಡು, ಬಡಗಿಯಿಂದಲೋ ಗ್ಯಾರೇಜಿನವರಿಂದಲೋ ಒಳಗನ್ನು ಬದಲಾಯಿಸಿಕೊಳ್ಳುತ್ತಾರೆ. ಇಲ್ಲವೇ ಹೀಗೆ ಬದಲಾದ ವ್ಯಾನನ್ನೇ ಮತ್ತೊಬ್ಬರಿಂದ ಕೊಳ್ಳುತ್ತಾರೆ. ಹೀಗೆ ಕೊಳ್ಳುವವರು ಪರಕೀಯರೇನಲ್ಲ. ಅವರಲ್ಲಿ ಅನೇಕರು ನಮ್ಮದೇ ಮನೆಗಳಿಂದ ಓದಲು ಹೋಗಿ ಪಟ್ಟಣದಲ್ಲಿ ನೆಲೆನಿಂತ ಮಕ್ಕಳು. ರಜೆಯಲ್ಲಿ ಮಕ್ಕಳಿಗೆ ಹಳ್ಳ, ಕಾಡು, ಮಂಜು ತೋರಿಸಬೇಕೆಂಬ ಅವರ ಆಸೆ ಸಹಜವಾದದ್ದು, ಮೆಚ್ಚತಕ್ಕದ್ದು.

ಪರಿಸರದ ಮಾತಾಡುವ ಪತ್ರಿಕೆಗೆ ವಾಹನ ಖರೀದಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕಾರಣ ಇಷ್ಟೆ: ಕೊಳ್ಳುವವನು ಬೆಲೆಯನ್ನು ನೋಡುತ್ತಾನೆ, ಮಾರುವವನು ಲಾಭವನ್ನು ನೋಡುತ್ತಾನೆ, ಆ ವ್ಯಾನು ನಿಲ್ಲಲಿರುವ ಬೆಟ್ಟ ಮಾತ್ರ ಆ ವ್ಯವಹಾರದಲ್ಲಿ ಎಲ್ಲಿಯೂ ಇರುವುದಿಲ್ಲ. ವ್ಯಾನು ಎಷ್ಟು ಅಗಲದ್ದು, ಎಷ್ಟು ಭಾರದ್ದು, ಅದರ ಬ್ರೇಕು ಎಂಥದ್ದು, ಅದರ ಕೊಳೆನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗಳು ಪಟ್ಟಣದ ಗ್ಯಾರೇಜಿನಲ್ಲಿ ತೀರ್ಮಾನವಾಗುತ್ತವೆ. ಅವುಗಳ ಪರಿಣಾಮ ಮಾತ್ರ ನಮ್ಮ ದರೆಯ ಮೇಲೆ, ನಮ್ಮ ಹಳ್ಳದಲ್ಲಿ ಕಾಣಿಸಿಕೊಳ್ಳುತ್ತದೆ. ಆಯ್ಕೆಯ ಹೊತ್ತಿನಲ್ಲೇ ಬೆಟ್ಟದ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಈ ಲೇಖನದ ಒಟ್ಟು ಮಾತು.

ಹಳೆಯದನ್ನು ಕೊಳ್ಳುವುದು ತಪ್ಪಲ್ಲ

ಮೊದಲಿಗೆ ಒಂದು ಒಳ್ಳೆಯ ಮಾತನ್ನು ಹೇಳಿಬಿಡಬೇಕು. ವ್ಯಾನು ಬೇಕೇ ಬೇಕೆಂದಾದರೆ ಹೊಸದಕ್ಕಿಂತ ಹಳೆಯದೇ ಲೇಸು. ಪ್ರತಿಯೊಂದು ವಾಹನವೂ ಕಬ್ಬಿಣ, ತಾಮ್ರ, ಸೀಸ, ರಬ್ಬರುಗಳ ಒಂದು ರಾಶಿ. ಆ ಕಬ್ಬಿಣ ಯಾವುದೋ ಒಂದು ಬೆಟ್ಟದ ಒಡಲಿನಿಂದಲೇ ಬಂದದ್ದು. ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1976ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಕುದುರೆಮುಖದ ಬೆಟ್ಟಗಳನ್ನು ಅದಿರಿಗಾಗಿ ಬಗೆದದ್ದನ್ನೂ, ಗಣಿಯ ಕೆಸರು ಲಖ್ಯಾ ಅಣೆಕಟ್ಟಿನಲ್ಲಿ ತುಂಬಿಕೊಂಡದ್ದನ್ನೂ, 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ 2005ರ ಕೊನೆಗೆ ಗಣಿಗಾರಿಕೆ ನಿಂತದ್ದನ್ನೂ ಈ ನಾಡು ಕಣ್ಣಾರೆ ಕಂಡಿದೆ. ಈಗಾಗಲೇ ಅಗೆದು ಕರಗಿಸಿ ರೂಪ ಕೊಟ್ಟಿರುವ ಲೋಹವನ್ನು ಇನ್ನಷ್ಟು ವರ್ಷ ಬಳಸುವುದು ವಿವೇಕದ ಮಾತು. ವರ್ಷದಲ್ಲಿ ಹತ್ತಿಪ್ಪತ್ತು ದಿನ ಮಾತ್ರ ಓಡುವ ವಾಹನಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಆದರೆ ಹಳೆಯದೆಲ್ಲವೂ ಒಳ್ಳೆಯದಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾನದಂಡ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಡೀಸೆಲ್ ವ್ಯಾನುಗಳು, ಅದರಲ್ಲೂ 2017ರ ಬಿ.ಎಸ್.-4ಕ್ಕಿಂತ ಹಿಂದಿನವು, ಘಟ್ಟ ಹತ್ತುವಾಗ ಉಗುಳುವ ಕಪ್ಪು ಹೊಗೆಯನ್ನು ರಸ್ತೆ ಬದಿಯ ಮನೆಗಳೇ ಉಸಿರಾಡಬೇಕು. ಹಾಗೆಂದು ಹೊಸ ಮಾನದಂಡದ ಡೀಸೆಲ್ ವ್ಯಾನು ಎಲ್ಲರಿಗೂ ಹೊಂದುತ್ತದೆಂದೂ ಅಲ್ಲ. ಅದರ ಹೊಗೆನಳಿಗೆಯಲ್ಲಿ ಮಸಿ ಹಿಡಿದಿಡುವ ಒಂದು ಸೋಸುಕವಿರುತ್ತದೆ. ಹಿಡಿದ ಮಸಿ ಸುಟ್ಟುಹೋಗಲು ವಾಹನ ಆಗಾಗ ದೂರದ ರಸ್ತೆಯಲ್ಲಿ ಬಿಸಿಯಾಗಿ ಓಡಬೇಕು. ತಿಂಗಳುಗಟ್ಟಲೆ ನಿಂತು, ಊರೊಳಗೆ ಮಾತ್ರ ಸ್ವಲ್ಪ ಸ್ವಲ್ಪ ಓಡಿದ ವ್ಯಾನಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ದುರಸ್ತಿಯೂ ದುಬಾರಿ. ನಾಲ್ವರ ಕುಟುಂಬ ತಿಂಗಳಿಗೊಮ್ಮೆ ಹೊರಡುವುದಾದರೆ ಹತ್ತು ವರ್ಷದೊಳಗಿನ ಪೆಟ್ರೋಲ್ ವ್ಯಾನು ಕೈಗೂ ಬೆಟ್ಟಕ್ಕೂ ಹಗುರ. ಸಿ.ಎನ್.ಜಿ. ಅಳವಡಿಸಿದ ವ್ಯಾನಾದರೆ ಅದರ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನಡೆಯಬೇಕಾದ ಒತ್ತಡ ಪರೀಕ್ಷೆ ನಡೆದಿದೆಯೇ ಎಂದು ಕಡ್ಡಾಯವಾಗಿ ನೋಡಬೇಕು.

ವಾಹನದ ಅಗಲ, ದರೆಯ ಎತ್ತರ

ಕೊಳ್ಳುವವರು ಸಾಮಾನ್ಯವಾಗಿ ಒಳಗಿನ ಜಾಗವನ್ನು ಮೊದಲು ಅಳೆಯುತ್ತಾರೆ. ನಾವು ಹೊರಗಿನ ಅಳತೆಯನ್ನು ಮೊದಲು ಕೇಳಬೇಕೆನ್ನುತ್ತೇವೆ. ಮಲೆನಾಡಿನ ಒಳರಸ್ತೆಗಳು ಎತ್ತಿನಗಾಡಿಗೂ ಜೀಪಿಗೂ ಹೊಂದಿಕೊಂಡು ಬೆಳೆದವು. ಒಂದು ಬದಿಗೆ ದರೆ, ಮತ್ತೊಂದು ಬದಿಗೆ ತೋಟದ ಇಳಿಜಾರು; ನಡುವೆ ಒಂದು ವಾಹನಕ್ಕಷ್ಟೇ ದಾರಿ. ಇಲ್ಲಿಗೆ ಎತ್ತರದ, ಅಗಲದ ವಾಹನಗಳು ಬರತೊಡಗಿದರೆ ಮೊದಲು ದಾರಿಗೆ ಬಾಗಿದ ಕೊಂಬೆಗಳು ಕಡಿಯಲ್ಪಡುತ್ತವೆ. ಆಮೇಲೆ ತಿರುವನ್ನು ಅಗಲಗೊಳಿಸಬೇಕೆಂಬ ಬೇಡಿಕೆ ಹುಟ್ಟುತ್ತದೆ. ಅಗಲಗೊಳಿಸುವುದೆಂದರೆ ಗುಡ್ಡದ ಬುಡವನ್ನು ಜೆ.ಸಿ.ಬಿ.ಯಿಂದ ಕೆರೆಯುವುದು. ಬುಡ ಕಳೆದುಕೊಂಡ ಮಣ್ಣು ಮಳೆಯ ನೀರನ್ನು ಕುಡಿದು ಭಾರವಾದಾಗ ಜಾರುತ್ತದೆ. ವಾಹನದ ಅಗಲ ರಸ್ತೆಯ ಅಗಲವನ್ನು ಬೇಡುತ್ತದೆ. ರಸ್ತೆಯ ಅಗಲ ದರೆಯ ಎತ್ತರವನ್ನು ಹೆಚ್ಚಿಸುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಅದೇ ಮಳೆಗೆ ಶಿರಾಡಿ ಘಾಟಿಯ ರಸ್ತೆ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿ ನದಿಯವರೆಗೆ ಹರಿಯಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬವೂ, ಅಲ್ಲಿ ವಾಹನ ನಿಲ್ಲಿಸಿಕೊಂಡಿದ್ದ ಚಾಲಕರೂ ಪ್ರಾಣ ಕಳೆದುಕೊಂಡರು. ಈ ದುರಂತಗಳಿಗೆ ಪ್ರವಾಸಿಗರ ವ್ಯಾನು ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ರಸ್ತೆಯನ್ನು ಹಿಗ್ಗಿಸುವ ಒತ್ತಡಕ್ಕೆ ಪ್ರತಿಯೊಂದು ದೊಡ್ಡ ವಾಹನವೂ ತನ್ನ ಕಿರುಪಾಲನ್ನು ಸೇರಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಈ ದೃಷ್ಟಿಯಿಂದ ಮಾರುಕಟ್ಟೆಯಲ್ಲಿ ಸಿಗುವ ಹಳೆಯ ವ್ಯಾನುಗಳನ್ನು ಒಮ್ಮೆ ನೋಡೋಣ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು ಓಮ್ನಿ ಎಂದು ಹೆಸರಾದ ವಾಹನ 2019ರಲ್ಲಿ ತಯಾರಿಕೆ ನಿಲ್ಲಿಸಿತು. ಅದು ಕಿರಿದು, ಹಗುರ. ಅದರ ಬಿಡಿಭಾಗ ಯಾವ ಹಳ್ಳಿಯ ಗ್ಯಾರೇಜಿನಲ್ಲಿಯೂ ಸಿಕ್ಕೀತು. ಆದರೆ 796 ಸಿ.ಸಿ. ಎಂಜಿನ್ನು ನಾಲ್ವರನ್ನೂ ಸಾಮಾನನ್ನೂ ಹೊತ್ತು ಘಟ್ಟ ಏರುವಾಗ ಏದುಸಿರು ಬಿಡುತ್ತದೆ. ಎಂಜಿನ್ನು ಮುಂದಿನ ಸೀಟಿನ ಕೆಳಗಿರುವುದರಿಂದ ಎದುರು ಡಿಕ್ಕಿಯಲ್ಲಿ ಚಾಲಕನ ಕಾಲುಗಳಿಗೆ ರಕ್ಷಣೆ ಬಹಳ ಕಡಿಮೆ. 2010ರಿಂದ ಬಂದ ಈಕೊ ಅದೇ ಜಾತಿಯದು, 1.2 ಲೀಟರಿನ ಎಂಜಿನ್ನಿನದು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬಕ್ಕೆ ಸಾಕಾಗುವಂಥದ್ದು. 1987ರಿಂದ ನಮ್ಮ ರಸ್ತೆಗಳಲ್ಲಿರುವ ಟೆಂಪೊ ಟ್ರಾವೆಲರ್ ಗಟ್ಟಿಮುಟ್ಟಾದದ್ದು. ಒಳಗೆ ನಿಂತು ಓಡಾಡಲೂ ಎಡೆಯುಂಟು. ಆದರೆ ಅದು ಹೆದ್ದಾರಿಯ ಮತ್ತು ಮುಖ್ಯರಸ್ತೆಯ ವಾಹನವೇ ಹೊರತು ತೋಟದ ದಾರಿಯದಲ್ಲ. 2007ರಲ್ಲಿ ಬಂದ ಟಾಟಾ ವಿಂಗರ್ ಮುಂಗಾಲಿಯಿಂದ ಎಳೆಯುವ ವ್ಯಾನು. ಹಿಂಬದಿಗೆ ಹೆಚ್ಚು ಭಾರ ಹೇರಿದರೆ ಕೆಸರಿನ ಏರಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟು ತಿರುಗುತ್ತದೆ. ದೊಡ್ಡದನ್ನು ಕೊಂಡವರು ಅದನ್ನು ಪೇಟೆಯಲ್ಲಿಯೋ ಮುಖ್ಯರಸ್ತೆಯ ಊರಿನಲ್ಲಿಯೋ ನಿಲ್ಲಿಸಿ, ಮುಂದಿನ ದಾರಿಯನ್ನು ನಡೆದೋ ಊರಿನ ಜೀಪಿನಲ್ಲೋ ಕ್ರಮಿಸಲಿ. ಜೀಪಿನ ಬಾಡಿಗೆ ಊರಿನವನಿಗೆ ಸಂದೀತು, ದರೆಯೂ ಉಳಿದೀತು.

ಏರಿಗಿಂತ ಇಳಿಜಾರು ದೊಡ್ಡ ಪರೀಕ್ಷೆ

ವ್ಯಾನು ಪಟ್ಟಣದ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡಿತೆಂದು ಕೊಳ್ಳಬಾರದು. ಮಾರುವವನು ಒಪ್ಪಿದರೆ ಇಡೀ ಕುಟುಂಬವನ್ನು ಕೂರಿಸಿಕೊಂಡು ಏರೊಂದರಲ್ಲಿ ನಿಲ್ಲಿಸಿ, ಕೈಬ್ರೇಕು ಹಿಂದಕ್ಕೆ ಜಾರದಂತೆ ಹಿಡಿಯುತ್ತದೆಯೇ, ಕ್ಲಚ್ಚು ಸುಟ್ಟ ವಾಸನೆ ಇಲ್ಲದೆ ಮುಂದಕ್ಕೆ ಹೊರಡುತ್ತದೆಯೇ ಎಂದು ನೋಡಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಹೀರಿದ ಹಳೆಯ ಎಣ್ಣೆ ಬೇಗ ಕುದಿಯುತ್ತದೆ, ಕುದಿದಾಗ ಪೆಡಲು ಪೊಳ್ಳಾಗಿ ಒಳಗೆ ಹೋಗುತ್ತದೆ. ಹಳೆಯ ವ್ಯಾನು ಕೊಂಡ ಕೂಡಲೇ ಈ ಎಣ್ಣೆಯನ್ನು ಬದಲಿಸಿ, ಎರಡು ವರ್ಷಕ್ಕೊಮ್ಮೆ ಮತ್ತೆ ಬದಲಿಸುತ್ತಿರಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ನಿಯಮ. ಪೆಟ್ರೋಲು ಉಳಿಸಲು ಎಂಜಿನ್ನು ಆರಿಸಿ ಇಳಿಯುವುದು ಆತ್ಮಹತ್ಯೆಗೆ ಸಮ. ಎಂಜಿನ್ನಿನ ಹಿಡಿತವೂ, ಬ್ರೇಕಿಗೆ ಅದು ಕೊಡುವ ನೆರವೂ ಒಟ್ಟಿಗೆ ತಪ್ಪಿಹೋಗುತ್ತವೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಎರಡನೆಯ ಅವಕಾಶ ಎಂಬುದಿಲ್ಲ.

ಟೈರಿನ ಮೇಲೆ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ವ್ಯಾನಿನ ಟೈರು ನೋಡಲು ಹೊಸದರಂತಿದ್ದರೂ ರಬ್ಬರು ಮುಪ್ಪಾಗಿರಬಹುದು. ಭಾರದ ಲೆಕ್ಕವನ್ನೂ ಮಾಡಬೇಕು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ತುಂಬಿದ ನೂರು ಲೀಟರಿನ ಟ್ಯಾಂಕು ಒಬ್ಬ ಪ್ರಯಾಣಿಕನಿಗಿಂತ ಕಡಿಮೆಯೇನಲ್ಲ. ಪ್ಲೈವುಡ್ಡಿನ ಮಂಚ, ಬೀರು, ಬ್ಯಾಟರಿ ಎಲ್ಲ ಸೇರಿ ಆರ್.ಸಿ.ಯಲ್ಲಿ ನಮೂದಾದ ಒಟ್ಟು ತೂಕವನ್ನು ಮೀರಿದರೆ ಯಾವ ಬ್ರೇಕೂ ಸಾಲದು.

ಒಳಗಿನ ಅಲಂಕಾರಕ್ಕೆ ಮರುಳಾಗಬಾರದು

ಬಣ್ಣದ ದೀಪ, ಮೆತ್ತನೆಯ ಹಾಸಿಗೆಗಳು ಕಣ್ಣಿಗೆ ಬೀಳುವುದು ಸಹಜ. ನೋಡಬೇಕಾದದ್ದು ಅವುಗಳ ಅಡಿಯಲ್ಲಿ. ನೆಲದ ಹಾಸನ್ನು ಎತ್ತಿಸಿ ತಗಡು ತುಕ್ಕು ಹಿಡಿದಿದೆಯೇ, ಬಾಗಿಲಿನ ಬುಡ ಒತ್ತಿದರೆ ಮೆತ್ತಗಿದೆಯೇ, ಚಾವಣಿಗೆ ಗಾಳಿಕಿಂಡಿ ಕೊರೆದ ಅಂಚಿನಲ್ಲಿ ನೀರು ಇಳಿದ ಕಲೆ ಇದೆಯೇ ಎಂದು ಪರೀಕ್ಷಿಸಬೇಕು. ಕರಾವಳಿಯಲ್ಲಿ ಓಡಿದ ವ್ಯಾನಾದರೆ ಉಪ್ಪುಗಾಳಿಯ ತುಕ್ಕು ಅಡಿಭಾಗದಲ್ಲಿ ಮೊದಲು ಕಾಣುತ್ತದೆ. ಒಳಗೆ ಮುಗ್ಗಲು ವಾಸನೆ ಬಂದರೆ ಎಲ್ಲಿಯೋ ನೀರು ಸೋರುತ್ತಿದೆಯೆಂದೇ ಅರ್ಥ. ಮಲೆನಾಡಿನ ಒಂದು ಮಳೆಗಾಲ ಅಂಥ ವ್ಯಾನನ್ನು ಕೊಳೆಯಿಸಿಬಿಡುತ್ತದೆ. ಅಡ್ಡ ಮಂಚದ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ವಾಹನ ಓಡಿಸುವುದು ಎಷ್ಟು ಮಾತ್ರಕ್ಕೂ ಸಲ್ಲದು. ಎಷ್ಟು ಜನರಿಗೆ ಮುಂದಕ್ಕೆ ಮುಖ ಮಾಡಿದ, ಪಟ್ಟಿಯುಳ್ಳ ಸೀಟು ಇದೆಯೋ ಅಷ್ಟೇ ಜನ ಹೊರಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಸಿರು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನೊಂದರೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳನುಗ್ಗಿದ್ದೇ ಕಾರಣವೆಂದು ತಜ್ಞರ ಪರೀಕ್ಷೆಯಲ್ಲಿ ಕಂಡುಬಂದಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ನು ಓಡಿಸಿಕೊಂಡು ಎ.ಸಿ. ಹಾಕಿ ಮಲಗುವುದು, ಚಳಿಗೆಂದು ಇದ್ದಿಲಿನ ಒಲೆಯನ್ನು ಒಳಗಿಟ್ಟುಕೊಳ್ಳುವುದು ಎರಡೂ ಸಾವನ್ನು ಕರೆದಂತೆಯೇ. ಜನರೇಟರ್ ಇರುವ ವ್ಯಾನನ್ನೇ ಕೊಳ್ಳದಿರುವುದು ಉತ್ತಮ. ಎರಡು ದೀಪ, ಒಂದು ಸಣ್ಣ ಫ್ಯಾನಿಗೆ ಓಡುವಾಗ ತುಂಬಿಕೊಳ್ಳುವ ಒಂದು ಹೆಚ್ಚುವರಿ ಬ್ಯಾಟರಿ ಸಾಕು. ಕಾಡಂಚಿನ ರಾತ್ರಿಗೆ ಜನರೇಟರಿನ ಸದ್ದಿನಿಂದಲೂ ಬಿಡುಗಡೆ ಸಿಕ್ಕೀತು. ಒಲೆಯನ್ನು ಹೊರಗೆ ತೆಗೆದಿಟ್ಟು ಉರಿಸುವ ವ್ಯವಸ್ಥೆ ಇರಲಿ.

ಕಾಗದಪತ್ರ ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ

ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸೀಟು ಕಿತ್ತು ಮಂಚ ಹಾಕಿ, ಚಾವಣಿ ಕೊರೆದು, ಆರ್.ಸಿ.ಯಲ್ಲಿ ಮಾತ್ರ ಹಳೆಯ ಸೀಟುಗಳ ಸಂಖ್ಯೆಯನ್ನೇ ಉಳಿಸಿಕೊಂಡ ವ್ಯಾನು ಎಷ್ಟು ಅಗ್ಗವಾದರೂ ಬೇಡ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದು ಇದನ್ನೇ. ಮೋಟಾರ್ ಕ್ಯಾರವಾನಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಆ ವರ್ಗದಲ್ಲಿಯೇ ನೋಂದಣಿಯಾದ ವ್ಯಾನು ನಿಶ್ಚಿಂತೆಯದು. ಅದು ಸಿಗದಿದ್ದರೆ ಮೂಲ ಸೀಟುಗಳನ್ನು ಹಾಗೆಯೇ ಉಳಿಸಿಕೊಂಡು, ನಿಂತಾಗ ಹಾಸಿ ಏಳುವಾಗ ಮಡಿಸುವ ಹಲಗೆಯೊಂದನ್ನು ಇಟ್ಟುಕೊಳ್ಳುವುದು ಕಾನೂನಿಗೂ ಜೇಬಿಗೂ ಹೊಂದುವ ಉಪಾಯ.

ಹಳೆಯ ಟ್ರಾವೆಲರುಗಳಲ್ಲಿ ಅನೇಕವು ಯೆಲ್ಲೋ ಬೋರ್ಡಿನ ಪ್ರವಾಸಿ ವಾಹನಗಳಾಗಿದ್ದವು. ಅವು ಆರ್.ಟಿ.ಒ. ಅನುಮತಿಯೊಡನೆ ಖಾಸಗಿಗೆ ಬದಲಾಗಿವೆಯೇ, ತೆರಿಗೆಯ ಬಾಕಿ ಇದೆಯೇ, ಸಾಲ ಕೊಟ್ಟವರ ಹೆಸರು ಆರ್.ಸಿ.ಯಿಂದ ತೆಗೆದುಹಾಕಲ್ಪಟ್ಟಿದೆಯೇ ಎಂಬುದನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲದಲ್ಲಿ ಯಾರೂ ನೋಡಿಕೊಳ್ಳಬಹುದು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷದ್ದು. ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆಯೊಡನೆ ನವೀಕರಿಸಬೇಕು. ಈ ನವೀಕರಣದ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಹೊರರಾಜ್ಯದ ವ್ಯಾನು ಅಗ್ಗವೆಂದು ತಂದವರು ಹನ್ನೆರಡು ತಿಂಗಳ ಮೇಲೆ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕಾಗುತ್ತದೆ. ನಮ್ಮ ಊರಿನ ತರುಣರಿಗೂ ಒಂದು ಮಾತು: ಖಾಸಗಿ ನೋಂದಣಿಯ ವ್ಯಾನನ್ನು ಸಾಲಮಾಡಿ ಕೊಂಡು ಬಾಡಿಗೆಗೆ ಬಿಡುವ ಯೋಚನೆ ಬೇಡ, ಅದು ಕಾನೂನುಬಾಹಿರ, ಸಿಕ್ಕಿಬಿದ್ದ ದಿನ ಸಾಲ ಮಾತ್ರ ಉಳಿಯುತ್ತದೆ.

ನೀರು ಮತ್ತು ಶೌಚ: ಬೆಟ್ಟದ ಮುಖ್ಯ ಪ್ರಶ್ನೆ

ಇಲ್ಲಿಗೆ ಬಂದಾಗ ವ್ಯಾನಿನ ಆಯ್ಕೆ ನಮ್ಮ ಮನೆಯ ಅಡಿಗೆಮನೆಯ ವಿಷಯವಾಗುತ್ತದೆ. ಮಲೆನಾಡಿನ ಅದೆಷ್ಟೋ ಮನೆಗಳು ಇಂದಿಗೂ ಗುಡ್ಡದ ಮೇಲಿನ ಅಬ್ಬಿಯ ನೀರನ್ನೇ ಕುಡಿಯುತ್ತವೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಇಳಿದು ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಇಳಿಯುತ್ತದೆ, ವ್ಯತ್ಯಾಸ ಅಷ್ಟೆ. ಪ್ರವಾಸಿಗೆ ಸುಂದರವಾದ ಝರಿಯಾಗಿ ಕಾಣುವುದು ಕೆಳಗಿನ ಮನೆಗೆ ನಲ್ಲಿ. ಆ ಝರಿಯ ತಲೆಯಲ್ಲಿ ಪಾತ್ರೆ ತೊಳೆದ ಸಾಬೂನಿನ ನೀರೂ, ಶೌಚದ ಕೊಳೆಯೂ ಸೇರಿದರೆ ಅದು ಒಂದು ಗಂಟೆಯೊಳಗೆ ಯಾರದೋ ಹಂಡೆಯನ್ನು ಮುಟ್ಟುತ್ತದೆ. ಹಳ್ಳದ ಮೀನು, ಕಪ್ಪೆಗಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು: ಈ ವ್ಯಾನಿನ ಸಿಂಕಿನಿಂದ ಇಳಿದ ನೀರು ಎಲ್ಲಿ ನಿಲ್ಲುತ್ತದೆ? ಅನೇಕ ವ್ಯಾನುಗಳಲ್ಲಿ ಒಂದು ಕೊಳವೆ ನೆಲವನ್ನು ತೂರಿ ರಸ್ತೆಗೇ ಬಾಯಿ ಬಿಟ್ಟಿರುತ್ತದೆ. ಅದಕ್ಕೆ ಒಂದು ಮುಚ್ಚಳ, ಅಡಿಯಲ್ಲಿ ಒಂದು ಡಬ್ಬಿ ಹಾಕಿಸುವುದು ಕೆಲವೇ ನೂರು ರೂಪಾಯಿಯ ಕೆಲಸ. ಶುದ್ಧನೀರಿಗೆ ಎಷ್ಟು ಲೀಟರಿನ ಜಾಗವಿದೆಯೋ ಕೊಳೆನೀರಿಗೂ ಅಷ್ಟೇ ಇರಬೇಕು. ಶೌಚಕ್ಕೆ ಕಳಚಿ ಹೊರತೆಗೆಯಬಹುದಾದ ಪೆಟ್ಟಿಗೆಯೇ ಮೇಲು. ಅದನ್ನು ಊರಿನ ಶೌಚಾಲಯದ ಗುಂಡಿಗೆ ಒಯ್ದು ಸುರಿಯಬಹುದು. ಆದರೆ ಆ ಪೆಟ್ಟಿಗೆಗೆ ಹಾಕುವ ಔಷಧಿಗಳಲ್ಲಿ ಫಾರ್ಮಾಲ್ಡಿಹೈಡ್ ಇರುವಂಥವು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ಅಂಥ ದ್ರವವನ್ನು ಗೋಬರ್ ಗ್ಯಾಸ್ ಗುಂಡಿಗೋ ಮನೆಯ ಶೌಚದ ಗುಂಡಿಗೋ ಸುರಿಯಲು ಯಾರೂ ಒಪ್ಪಬಾರದು. ಔಷಧಿಯ ಬದಲು ಮರದ ಹೊಟ್ಟು ಬಳಸುವವರಿದ್ದಾರೆ. ಅದನ್ನು ನಾವು ಸ್ವಾಗತಿಸುತ್ತೇವೆ.

ರಾತ್ರಿ ಎಲ್ಲಿ ನಿಲ್ಲುವುದು?

ವ್ಯಾನು ಕೊಂಡವರಿಗೆ ಎಲ್ಲಿ ಬೇಕಾದರೂ ಮಲಗಬಹುದೆಂಬ ಭ್ರಮೆ ಉಂಟಾಗುತ್ತದೆ. ಮಲೆನಾಡಿನಲ್ಲಿ ಹಾಗಿಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷಿದ್ಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಮಾಘ–ಫಾಲ್ಗುಣದ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಬೆಂಕಿ ನಂದಿಸಲು ಓಡಬೇಕಾದವರು ಊರಿನ ಹುಡುಗರೇ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಬಳಿಕ ಚಾರಣಕ್ಕೆ ಮುಂಗಡ ನೋಂದಣಿ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಮುಳ್ಳಯ್ಯನಗಿರಿ ಭಾಗಕ್ಕೂ ದಿನದ ಮಿತಿಯನ್ನು ತಂದಿತು. ಹೊರಡುವ ಮೊದಲು ಇವನ್ನೆಲ್ಲ ವಿಚಾರಿಸಿಕೊಳ್ಳುವುದು ಪ್ರವಾಸಿಯ ಕರ್ತವ್ಯ.

ಮಳೆಗಾಲದಲ್ಲಿ ಕಡಿದ ದರೆಯ ಬುಡದಲ್ಲಾಗಲಿ, ಹಳ್ಳದ ಮರಳಿನ ಮೇಲಾಗಲಿ ವ್ಯಾನು ನಿಲ್ಲಿಸಿ ಮಲಗಬಾರದು. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹಳ್ಳವನ್ನು ಕ್ಷಣಮಾತ್ರದಲ್ಲಿ ತುಂಬಿಸಬಲ್ಲುದು. ಬೇಸಿಗೆಯ ಅಪಾಯ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳಿಂದ ಹರಡುವಂಥದ್ದು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಅಂದರೆ ಪ್ರವಾಸದ ಕಾಲದಲ್ಲೇ, ಅದರ ಹಾವಳಿ. ಕಾಡಂಚಿನ ತರಗೆಲೆಯ ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂರಿಸುವ ಮೊದಲು, ಆ ಭಾಗದಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಊರಿನವರನ್ನು ಕೇಳಬೇಕು. ಊರನ್ನು ಮಾತಾಡಿಸದೆ ಊರಿನಲ್ಲಿ ತಂಗುವ ಪ್ರವಾಸಕ್ಕೆ ಈ ತಿಳಿವಳಿಕೆ ಎಲ್ಲಿಂದ ಬರಬೇಕು?

ನಮ್ಮ ಪಾಲಿನ ಕೆಲಸ

ಈ ಮಾತುಗಳಿಗೆ ಎರಡು ಆಕ್ಷೇಪಗಳು ಬರುವುದು ನಮಗೆ ಗೊತ್ತು. ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಎಂಬುದು ಮೊದಲನೆಯದು. ಹೋಮ್‌ಸ್ಟೇಗೆ ಬಂದವನು ಊಟಕ್ಕೂ ಹಾಸಿಗೆಗೂ ಹಣ ಕೊಡುತ್ತಾನೆ, ನಿಜ. ಆದರೆ ಮನೆಯನ್ನೇ ಹೊತ್ತು ತಂದವನು ಅಕ್ಕಿಯನ್ನೂ ಹಾಸಿಗೆಯನ್ನೂ ಪಟ್ಟಣದಿಂದ ತರುತ್ತಾನೆ. ನಮ್ಮಲ್ಲಿ ಉಳಿಯುವುದು ಅವನು ಚೆಲ್ಲಿದ್ದು ಮಾತ್ರ. ಊರಿಗೆ ಪ್ರಯೋಜನವಾಗಬೇಕಾದರೆ ಊರೇ ನಿಯಮ ಮಾಡಬೇಕು. ಎಲ್ಲವನ್ನೂ ತಡೆದುಬಿಡಿ ಎಂಬುದು ಎರಡನೆಯ ಮಾತು. ನಮ್ಮ ಮಕ್ಕಳೇ ಹೊರಗಿನಿಂದ ಬರುವಾಗ ಗೇಟು ಹಾಕುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಕಾಡನ್ನು ಕಾಣದೆ ಬೆಳೆದ ಮಗು ನಾಳೆ ಕಾಡಿಗಾಗಿ ದನಿಯೆತ್ತುವುದಿಲ್ಲ.

ನಡುವಿನ ದಾರಿಯೊಂದಿದೆ. ಪ್ರತಿ ಗ್ರಾಮ ಪಂಚಾಯಿತಿ ಮುಖ್ಯರಸ್ತೆಗೆ ಹತ್ತಿರದ, ದರೆಯಿಂದಲೂ ನೀರಿನಿಂದಲೂ ದೂರವಾದ ಒಂದು ಸಮತಟ್ಟು ಜಾಗವನ್ನು ವ್ಯಾನುಗಳ ತಂಗುದಾಣವೆಂದು ಗೊತ್ತುಮಾಡಲಿ. ಶಾಲೆಯ ಬಯಲೋ ಸಂತೆಯ ಮಾಳವೋ ರಜೆಯಲ್ಲಿ ಖಾಲಿಯೇ ಇರುತ್ತದೆ. ಅಲ್ಲಿ ಒಂದು ನಲ್ಲಿ, ಕೊಳೆನೀರಿಗೆ ಒಂದು ಇಂಗುಗುಂಡಿ, ಶೌಚದ ಪೆಟ್ಟಿಗೆ ಸುರಿಯಲು ಒಂದು ಗುಂಡಿ, ಕಸವನ್ನು ವಾಪಸು ಒಯ್ಯಬೇಕೆಂಬ ಫಲಕ ಇರಲಿ. ರಾತ್ರಿಗೊಂದು ಶುಲ್ಕ ಗೊತ್ತುಮಾಡಿ, ನೋಡಿಕೊಳ್ಳುವ ಹೊಣೆಯನ್ನು ಮಹಿಳಾ ಸ್ವಸಹಾಯ ಸಂಘಕ್ಕೆ ಒಪ್ಪಿಸಿದರೆ ಆದಾಯ ಊರಿನಲ್ಲೇ ನಿಲ್ಲುತ್ತದೆ. ಊರಿನ ಅಬ್ಬಿ, ಹಳ್ಳ, ದೇವರಕಾಡುಗಳು ಎಲ್ಲಿವೆ, ಯಾವ ದರೆ ಬಿರುಕು ಬಿಟ್ಟಿದೆ ಎಂಬುದನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾದ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಗುರುತಿಸಲಿ. ಪಶ್ಚಿಮಘಟ್ಟದ ತೀರ್ಮಾನಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕೆಂದು 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಹೇಳಿದ ಮಾತಿಗೆ ನಾವು ಕೊಡಬಹುದಾದ ಸಣ್ಣ ಗೌರವ ಇದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಸೂಚಿಸುತ್ತೇವೆ. ಮುಂದಿನ ನಾಲ್ಕು ವಾರಾಂತ್ಯಗಳಲ್ಲಿ ನಿಮ್ಮ ಊರಿನ ಕವಲಿನಲ್ಲಿ ಕುಳಿತು ಎಷ್ಟು ವ್ಯಾನುಗಳು ಬಂದವು, ಎಲ್ಲಿ ತಂಗಿದವು, ಬೆಳಿಗ್ಗೆ ಅಲ್ಲಿ ಏನು ಉಳಿಯಿತು ಎಂಬುದನ್ನು ಬರೆದಿಡಿ. ವಾದಕ್ಕಿಂತ ಎಣಿಕೆ ಗ್ರಾಮಸಭೆಯಲ್ಲಿ ಹೆಚ್ಚು ಮಾತಾಡುತ್ತದೆ. ಪಟ್ಟಣದಲ್ಲಿರುವ ಅಣ್ಣನೋ ಅಕ್ಕನೋ ವ್ಯಾನು ನೋಡುತ್ತಿದ್ದಾರೆಂದರೆ ಈ ಸಂಚಿಕೆಯನ್ನು ಅವರಿಗೆ ಕಳಿಸಿ. ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ ಎಂದು ಮೊದಲು ಕೇಳಿ. ಉತ್ತರ ಹತ್ತಕ್ಕಿಂತ ಕಡಿಮೆಯಾದರೆ ವ್ಯಾನು ಬೇಡ. ಬಸ್ಸಿನಲ್ಲಿ ಬರಲಿ, ಮನೆಯ ಜಗಲಿಯಲ್ಲಿ ಜಾಗವಿದೆ.

1987ರ ನವೆಂಬರಿನಿಂದ 1988ರ ಫೆಬ್ರುವರಿಯವರೆಗೆ, ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದಲೂ ಉತ್ತರದಲ್ಲಿ ನವಾಪುರದಿಂದಲೂ ಹೊರಟ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯ ತಂಡಗಳು ಬೆಟ್ಟಸಾಲನ್ನು ನಡೆದೇ ನೋಡಿ ಗೋವೆಯಲ್ಲಿ ಕೂಡಿದವು. ಅವರು ತಂಗಿದ್ದು ಹಳ್ಳಿಗಳಲ್ಲಿ, ಉಂಡದ್ದು ಹಳ್ಳಿಯವರೊಡನೆ. ಎಲ್ಲರೂ ಹಾಗೆ ನಡೆದೇ ಬರಬೇಕೆಂದು ನಾವು ಕೇಳುವುದಿಲ್ಲ. ಬರುವ ವ್ಯಾನು ಕಿರಿದಾಗಿರಲಿ, ಅದರ ಬ್ರೇಕು ಗಟ್ಟಿಯಾಗಿರಲಿ, ಕಾಗದ ಚೊಕ್ಕವಾಗಿರಲಿ, ಅದರ ಕೊಳೆ ಅದರಲ್ಲೇ ಇರಲಿ, ಅದು ನಿಲ್ಲುವ ಜಾಗವನ್ನು ಊರು ತೋರಿಸಲಿ. ಇಷ್ಟನ್ನು ಪಾಲಿಸುವ ಕುಟುಂಬಕ್ಕೆ ಬೆಟ್ಟದ ಬಾಗಿಲು ಎಂದಿಗೂ ತೆರೆದಿದೆ.